ಸಿದ್ದಮಲ್ಲಪ್ಪನವರ ತೂತು ಮಿಷನ್ನು

"ಇನ್ಮ್ಯಾಲೆ ಈ ಊರ್ನಲ್ಲಿ ಯಾವನಿಗೇ ಒಂದು ತೂತು ಬೇಕು ಅಂದ್ರೂ ಈ ಸಿದ್ದಮಲ್ಲಪ್ಪನ ಮನೆ ಬಾಗ್ಲಿಗೇ ಬರಬೇಕು ಕಣ್ಲಾ, ತಿಳ್ಕೊ!"

ಹೀಗೆ ಗುಡುಗಿದವರು ಸಾಕ್ಷಾತ್ ಸಿದ್ದಮಲ್ಲಪ್ಪನವರೇ. ಗುಡುಗಿದ ಸ್ಥಳ, ಎದುರುಮನೆ ಪುಟ್ಟಸ್ವಾಮಿಯ ಜಗಲಿ. ಕಾರಣ, ಒಂದು ಕೂರಿಗೆ ಬಟ್ಟಲು!

ತಾಳವಾಡಿ ಬೆಟ್ಟದ ಮೇಲೆ ರಾಗಿ ಬಿತ್ತುವವರಿಗೆ ಕೂರಿಗೆ ಬಟ್ಟಲೆಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು. ಮರದಲ್ಲಿ ಕೆತ್ತಿ, ತಳದಲ್ಲಿ ಸುತ್ತ ತೂತು ಕೊರೆದ ಬಟ್ಟಲು ಅದು. ತೂತಿಗೊಂದು ಬಿದಿರಿನ ಕೊಳವೆ. ಎತ್ತುಗಳು ಕೂರಿಗೆ ಎಳೆಯುತ್ತಿದ್ದರೆ ಹಿಂದೆ ನಡೆಯುವ ಹೆಂಗಸು ಬಟ್ಟಲಿಗೆ ಹಿಡಿಹಿಡಿಯಾಗಿ ಬೀಜ ಬಿಡುತ್ತಾ ಹೋಗುತ್ತಾಳೆ. ಬೀಜ ಕೊಳವೆಗಳಲ್ಲಿ ಇಳಿದು ಸಾಲುಸಾಲಾಗಿ ಮಣ್ಣು ಸೇರುತ್ತದೆ. ಸಿದ್ದಮಲ್ಲಪ್ಪನವರ ಮನೆಯ ಬಟ್ಟಲು ತಾತನ ಕಾಲದ್ದು. ಹೋದ ವರ್ಷದ ಬಿತ್ತನೆಯಲ್ಲಿ ಬಾಯಿಂದ ತಳದವರೆಗೆ ಬಿರುಕು ಬಿಟ್ಟಿತ್ತು. ಹೊಸದೊಂದನ್ನು ಅವರೇ ಹೊನ್ನೆ ಮರದಲ್ಲಿ ಕೆತ್ತಿಕೊಂಡಿದ್ದರು. ತೂತು ಕೊರೆಯುವುದಷ್ಟೇ ಬಾಕಿ. ಆದರೆ ಊರಿನಲ್ಲಿ ಒಳ್ಳೆಯ ಬೈರಿಗೆ ಇದ್ದದ್ದು ಪುಟ್ಟಸ್ವಾಮಿಯ ಬಳಿ ಮಾತ್ರ.

ಅಡ್ಡ ಹಿಡಿಯ ಆ ಬೈರಿಗೆಯನ್ನು ಪುಟ್ಟಸ್ವಾಮಿ ಯಾರ ಕೈಗೂ ಕೊಡುತ್ತಿರಲಿಲ್ಲ. ಬೇಕಾದವರ ಮನೆಗೆ ತಾನೇ ಹೋಗಿ, ಎರಡೂ ಕೈಯಲ್ಲಿ ತಿರುಗಿಸಿ ಕೊರೆದು, ಕಾಫಿ ಕುಡಿದು, ಊರಿನ ಸಮಾಚಾರವೆಲ್ಲ ಹೇಳಿ ಬರುತ್ತಿದ್ದ. ಯಾವತ್ತು ಬರುತ್ತಾನೆ ಎಂಬುದೊಂದೇ ತೊಂದರೆ.

"ನಾಳಿಕೆ ಬತ್ತೀನಿ ಮಲ್ಲಪ್ಪಣ್ಣ."

"ನೆನ್ನೆನೂ ಇದ್ನೇ ಅಂದೆಯಲ್ಲಾ!"

"ನೆನ್ನೆ ಏಳಿದ ನಾಳಿಕೆ ಬ್ಯಾರೆ, ಇವತ್ತು ಏಳೋ ನಾಳಿಕೆ ಬ್ಯಾರೆ ಕಣಣ್ಣ."

ಇದನ್ನು ಕೇಳಿದ ಮೇಲೂ ಗುಡುಗದಿರಲು ಸಿದ್ದಮಲ್ಲಪ್ಪನವರೇನು ಕಲ್ಲೇ? ಗುಡುಗಿದರು. ಕೊಯಮತ್ತೂರಿಗೆ ಹೋಗಿ ಕರೆಂಟಿನ ಡ್ರಿಲ್ಲಿಂಗ್ ಮಿಷನ್ ತರುತ್ತೇನೆಂದು ಬೀದಿಗೆಲ್ಲ ಕೇಳುವಂತೆ ಶಪಥ ಮಾಡಿದರು. ಶಪಥದ ಬಿಸಿ ಆರುವ ಮುಂಚೆ ಮನೆಗೆ ಬಂದು ಹೆಂಡತಿ ಚನ್ನಮಲ್ಲಮ್ಮನಿಗೂ ಹೇಳಿದರು. ಆಕೆ ರಾಗಿ ಕೇರುತ್ತಿದ್ದ ಮೊರವನ್ನು ನಿಲ್ಲಿಸಲೇ ಇಲ್ಲ.

"ಅಲ್ಲಾ ಕಣಿ, ಒಂದು ಬಟ್ಲಿಗೆ ಆರು ತೂತು ಬೇಕು. ಅದ್ಕೆ ಮಿಸನ್ನಾ?"

"ಆರಲ್ಲ ಕಣಮ್ಮಿ! ಬೇಕಾದ್ರೆ ಆರು ಸಾವ್ರ ತೂತು ಕೊರೀಬೌದು!"

"ಆರು ಸಾವ್ರ ತೂತಿರೋ ಬಟ್ಲಿಗೆ ಜರಡಿ ಅಂತಾರೆ."

ಆದರೆ ಸಿದ್ದಮಲ್ಲಪ್ಪನವರ ಮನಸ್ಸಿನೊಳಗೆ ಮಿಷನ್ನು ಆಗಲೇ ಗಿರ್ರೆಂದು ತಿರುಗುತ್ತಿತ್ತು. ಅದೃಷ್ಟವೋ ಗ್ರಹಚಾರವೋ, ಚನ್ನಮಲ್ಲಮ್ಮ ತಂಗಿಯ ಬಾಣಂತನಕ್ಕೆಂದು ತವರೂರು ಜೀರಹಳ್ಳಿಗೆ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಮಳೆ ಬೀಳೋದ್ರೊಳ್ಗೆ ಬಂದ್ಬುಡ್ತೀನಿ. ಬಿತ್ನೆ ರಾಗಿ ಆರಿಸಿ ಪೆಟ್ಗೆಗೆ ತುಂಬಿ ಮಡಗಿವ್ನಿ. ಕೇಳುಸ್ತಾ?"

"ಊಂ," ಅಂದರು ಸಿದ್ದಮಲ್ಲಪ್ಪ. ಕೇಳಿಸಿರಲಿಲ್ಲ. ಅವರ ಕಿವಿ ಆ ಹೊತ್ತಿಗೆ ಕೊಯಮತ್ತೂರಿನಲ್ಲಿತ್ತು.

ಕೊಯಮತ್ತೂರಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ "ವಾಂಗ ವಾಂಗ!" ಎಂಬ ಸ್ವಾಗತವೇನೋ ಜೋರಾಗಿಯೇ ಸಿಕ್ಕಿತು. ಬಾಗಿಲ ಬಳಿಯೇ ಆಳೆತ್ತರದ ಮಿಷನ್ನುಗಳು ಹಸಿರು ಬಣ್ಣ ಹೊಡೆಸಿಕೊಂಡು ಮದುವೆ ಗಂಡುಗಳಂತೆ ನಿಂತಿದ್ದವು. ಸಿದ್ದಮಲ್ಲಪ್ಪನವರು ಒಂದರ ಬೆಲೆ ಕೇಳಿದರು, ಒಂದು ಹೆಜ್ಜೆ ಒಳಗೆ ಹೋದರು. ಪಕ್ಕದ್ದರ ಬೆಲೆ ಕೇಳಿದರು, ಇನ್ನೊಂದು ಹೆಜ್ಜೆ ಒಳಗೆ ಹೋದರು. ಹೀಗೆ ಬೆಲೆ ಕೇಳುತ್ತಾ ಹಿಂದೆ ಸರಿಯುತ್ತಾ ಅಂಗಡಿಯ ಹಿತ್ತಿಲ ಗೋಡೆಗೆ ಬೆನ್ನು ತಗುಲಿದಾಗ, ಅಲ್ಲಿ ಮೂಲೆಯಲ್ಲಿ ಗಿಡ್ಡನೆಯದೊಂದು ಧೂಳು ಹೊದ್ದು ಕೂತಿತ್ತು. ಮೇಜಿನ ಮೇಲೆ ಕೂರಿಸುವಂಥದ್ದು. ಮೇಲೆ ಮೋಟಾರು, ನಡುವೆ ಉಕ್ಕಿನ ಕಂಬ, ಕೆಳಗೆ ಎರಕದ ಪಾದ. ಬೇರೆಯವುಗಳ ಮೈಮೇಲೆ ಕಂಪನಿಯ ಹೆಸರಿತ್ತು. ಇದರ ಮೈಮೇಲೆ ಏನೂ ಇರಲಿಲ್ಲ.

"ಇದ್ರ ಹೆಸ್ರೇನು?" ಎಂದು ತಮಗೆ ಬರುವ ತಮಿಳಿನಲ್ಲಿ ಕೇಳಿದರು.

"ಪೇರು ವೇಣುಮ್‌ನಾ ತನಿ ಕಾಸು!" ಅಂದ ಅಂಗಡಿಯವನು. ಹೆಸರು ಬೇಕಾದರೆ ಬೇರೆ ದುಡ್ಡಂತೆ!

"ಗ್ಯಾರಂಟಿ?"

"ಅಲ್ಲಾಡದ ಜಾಗದಲ್ಲಿ ಬಿಗಿಯಾಗಿ ಕೂರಿಸಬೇಕು. ಕೂರಿಸಿದರೆ ನಿಮ್ಮ ಮೊಮ್ಮಗನ ಕಾಲಕ್ಕೂ ಗ್ಯಾರಂಟಿ. ಅಲ್ಲಾಡಿದರೆ ಅಂಗಡಿ ಬಾಗಿಲವರೆಗೆ ಗ್ಯಾರಂಟಿ."

ಅವನು ಒಂದು ಹಲಗೆಯಿಟ್ಟು, ಸ್ವಿಚ್ಚು ಹಾಕಿ, ಪಕ್ಕದ ಹಿಡಿಯನ್ನು ಹೀಗೆ ಎಳೆದ ನೋಡಿ, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ತೂತು! ಸಿದ್ದಮಲ್ಲಪ್ಪನವರು ಆ ತೂತಿಗೆ ಬೆರಳು ಹಾಕಿ ನೋಡಿದರು. ಬಿಸಿಯಾಗಿತ್ತು. ನುಣ್ಣಗಿತ್ತು. ಅಷ್ಟೇ, ಮನಸ್ಸು ಸೋತುಹೋಯಿತು. ಸೊಂಟದಲ್ಲಿದ್ದ ಆಲೂಗೆಡ್ಡೆ ಮಾರಿದ ದುಡ್ಡು ಅಂಗಡಿಯವನ ಗಲ್ಲಾ ಸೇರಿತು.

ಗೋಣಿಚೀಲದಲ್ಲಿ ಸುತ್ತಿ ಹುರಿಯಿಂದ ಬಿಗಿದ ಮೇಲೆ ಆ ಮಿಷನ್ನಿನ ಅವತಾರವೇ ಬೇರೆಯಾಯಿತು. ಮೇಲೆ ದುಂಡನೆಯ ತಲೆ, ಕೆಳಗೆ ಪೀಠ, ಪಕ್ಕದಲ್ಲಿ ಅಭಯ ಕೊಡುವಂತೆ ಚಾಚಿದ ಒಂದು ಕೈ! ಸತ್ಯಮಂಗಲದಲ್ಲಿ ತಾಳವಾಡಿ ಬಸ್ಸಿಗೆ ಅದನ್ನು ಹತ್ತಿಸುವಾಗ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಬೆವರುತ್ತಿದ್ದ ಸಿದ್ದಮಲ್ಲಪ್ಪನವರನ್ನೂ ಚೀಲವನ್ನೂ ಒಬ್ಬ ಮುದುಕಿ ಭಕ್ತಿಯಿಂದ ನೋಡಿದಳು.

"ಯಾವ ದ್ಯಾವ್ರು ಬುದ್ಧಿ?"

ಅವರು ಇನ್ನೂ ಏದುಸಿರು ಬಿಡುತ್ತಿದ್ದರು. "ಕೊಯಮತ್ತೂರ್ದು ಕಣವ್ವ," ಅಂದರು. ಸುಳ್ಳೇನಲ್ಲವಲ್ಲ!

ಮುಗಿಯಿತು. ಲಗೇಜು ಟಿಕೆಟ್ ಹರಿಯಲು ಬಂದ ಕಂಡಕ್ಟರನ ಕೈ ಅರ್ಧದಲ್ಲೇ ನಿಂತಿತು. ಮುಂದಿನ ಸೀಟಿನಲ್ಲಿದ್ದ ಇಬ್ಬರು ಎದ್ದು ಮಿಷನ್ನಿಗೂ ಮಿಷನ್ನಿನವರಿಗೂ ಜಾಗ ಕೊಟ್ಟರು. ದಿಂಬಂ ಘಾಟಿಯ ಒಂದೊಂದು ತಿರುವಿನಲ್ಲೂ ಚೀಲ ವಾಲಿದಾಗಲೆಲ್ಲ ಹತ್ತಾರು ಕೈಗಳು ಚಾಚಿ ಅದನ್ನು ಹಿಡಿದವು, ಹಿಡಿದು ಕಣ್ಣಿಗೊತ್ತಿಕೊಂಡವು. ದಿಂಬಂನಲ್ಲಿ ಟೀ ಅಂಗಡಿಯವನು ಕಾಸು ಬೇಡವೆಂದ. ಮುದುಕಿ ತನ್ನ ತುರುಬಿಗೆಂದು ಕೊಂಡಿದ್ದ ಕನಕಾಂಬರವನ್ನು ಚೀಲದ ತಲೆಗೆ ಮುಡಿಸಿದಳು. ನಿಜ ಹೇಳಿಬಿಡೋಣವೆಂದು ಸಿದ್ದಮಲ್ಲಪ್ಪನವರಿಗೆ ಅನಿಸದೇ ಇರಲಿಲ್ಲ. ಆದರೆ ಸೀಟು ಮೆತ್ತಗಿತ್ತು.

ಹಾಸನೂರಿನಲ್ಲಿ ಇಳಿಯುವಾಗ ಮುದುಕಿ ಕೇಳಿದಳು: "ಪ್ರತಿಷ್ಠೆ ಯಾವತ್ತು ಬುದ್ಧಿ?"

"ಅಲ್ಲಾಡದ ಜಾಗ ಸಿಕ್ಕಿದ ಕೂಡ್ಲೆ ಕಣವ್ವ."

ಮನೆಗೆ ತಂದದ್ದಾಯಿತು. ಈಗ ಆ ಅಲ್ಲಾಡದ ಜಾಗ ಎಲ್ಲಿ? ಮಂಚದ ಮೇಲಿಟ್ಟರೆ ಮಂಚವೇ ಕುಣಿಯಿತು. ಜಗಲಿಯ ಮೇಲಿಟ್ಟರೆ ವಾಲಿತು. ನೆಲದ ಮೇಲಿಟ್ಟರೆ ಕೊರೆಯುವವನು ಬೋರಲು ಮಲಗಬೇಕು. ಮನೆಯೆಲ್ಲ ಸುತ್ತಿ ಬಂದ ಸಿದ್ದಮಲ್ಲಪ್ಪನವರ ಕಣ್ಣು ಕೊನೆಗೆ ನಡುಮನೆಯ ಗೋಡೆಗೊರಗಿ ಕೂತಿದ್ದ ಬೀಟೆ ಮರದ ಪೆಟ್ಟಿಗೆಯ ಮೇಲೆ ಬಿತ್ತು. ಚನ್ನಮಲ್ಲಮ್ಮ ಮದುವೆಯಾಗಿ ಬಂದಾಗ ಅವಳ ಅಪ್ಪ ಗಾಡಿಯಲ್ಲಿ ಹೇರಿ ಕಳಿಸಿದ ಪೆಟ್ಟಿಗೆ ಅದು. ಸೊಂಟದೆತ್ತರ. ಮೇಲೆ ಮಟ್ಟಸವಾದ ದಪ್ಪ ಮುಚ್ಚಳ. ಒದ್ದರೆ ಒದ್ದವನ ಕಾಲೇ ನೋಯಬೇಕು, ಅಷ್ಟು ಭಾರ!

"ಆಹಾ! ಇಷ್ಟು ವರ್ಷ ಇದು ಇಲ್ಲಿ ಕುಂತು ಕಾಯ್ತಾ ಇದ್ದದ್ದೇ ನಮ್ಮ ಮಿಸನ್ನಿಗೆ!" ಎಂದು ಸಿದ್ದಮಲ್ಲಪ್ಪನವರು ಒಬ್ಬರೇ ಕೂಗಿಕೊಂಡರು.

ಮಿಷನ್ನಿನ ಪಾದಕ್ಕೂ ಪೆಟ್ಟಿಗೆಯ ಅಗಲಕ್ಕೂ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಪಾದದ ನಾಲ್ಕು ಮೂಲೆಗೂ ಮೊಳೆಯ ಕಣ್ಣುಗಳಿದ್ದವು. ಮುಚ್ಚಳದಲ್ಲಿ ಅವಕ್ಕೆ ಸರಿಯಾಗಿ ನಾಲ್ಕು ತೂತು ಕೊರೆದು ಮೊಳೆ ಬಡಿದರೆ ಆಯಿತು. ತೂತಿಗೇನು ಬರ, ಮನೆಯಲ್ಲೇ ಮಿಷನ್ ಇದೆಯಲ್ಲ! ಸಿದ್ದಮಲ್ಲಪ್ಪನವರು ಮಿಷನ್ನನ್ನು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು, ಬಗ್ಗಿ ನೋಡಿದರು. ಪ್ರಪಂಚದಲ್ಲಿ ಏನನ್ನು ಬೇಕಾದರೂ ಕೊರೆಯಬಲ್ಲ ಆ ಮಹಾನುಭಾವನಿಗೆ ತನ್ನ ಕಾಲಡಿಯ ಹಲಗೆಯನ್ನು ಮಾತ್ರ ಕೊರೆಯಲು ಬರುತ್ತಿರಲಿಲ್ಲ. ಮುಖ ಒರೆಸಿಕೊಂಡು ಅವರು ಎದುರುಮನೆಗೆ ನಡೆದರು.

"ಏನ್ ಮಲ್ಲಪ್ಪಣ್ಣ, ಮಿಸನ್ ಬಂತಂತೆ!"

"ಬಂತು ಕಣ್ಲಾ."

"ಎಂಗದೆ?"

"ರಾಜ ಇದ್ದಂಗದೆ." ಗೋಡೆ ನೋಡುತ್ತಾ ಹೇಳಿದರು: "ಒಸಿ ನಿನ್ ಬೈರಿಗೆ ಕೊಡ್ಲಾ."

"ಬೈರಿಗೆನಾ? ಯಾಕಣ್ಣ?"

"ಸುಮ್ಕೆ."

"ಬೈರಿಗೇನ ಯಾರಾದ್ರೂ ಸುಮ್ಕೆ ಇಸ್ಕೋತಾರಾ?"

"ಮಿಸನ್ ಕೂರ್ಸಕೆ ನಾಕು ತೂತು ಬೇಕಾಗದೆ ಕಣ್ಲಾ!"

ಪುಟ್ಟಸ್ವಾಮಿ ನಕ್ಕ ನಗುವಿಗೆ ಕೊಟ್ಟಿಗೆಯ ಎಮ್ಮೆಗಳು ಮೇವು ಬಿಟ್ಟು ತಿರುಗಿ ನೋಡಿದವು. ಹುಟ್ಟಿದಾಗಿನಿಂದ ಯಾರ ಕೈಗೂ ಬೈರಿಗೆ ಕೊಡದವನು ಅಂದು ತಾನೇ ಎದ್ದುಹೋಗಿ, ಸೆರಗಿನಂತೆ ಹೆಗಲ ಮೇಲಿದ್ದ ಟವೆಲ್ಲಿನಿಂದ ಅದನ್ನು ಒರೆಸಿ, ಎರಡೂ ಕೈಯಿಂದ ಕೊಟ್ಟ.

"ತಕ ಅಣ್ಣ. ಇಂತಾ ಪುಣ್ಯದ ಕೆಲ್ಸಕ್ಕೆ ಇಲ್ಲ ಅನ್ನಕಾದದಾ?"

ಆ ನಗುವಿಗೆ ಬಂದ ಸಿಟ್ಟನ್ನೆಲ್ಲ ಸಿದ್ದಮಲ್ಲಪ್ಪನವರು ಮೊಳೆಗಳ ಮೇಲೆ ತೀರಿಸಿಕೊಂಡರು. ಗಾಡಿ ರಿಪೇರಿಗೆಂದು ತಂದಿಟ್ಟಿದ್ದ ಗೇಣುದ್ದದ ಮೊಳೆಗಳು. ಬೈರಿಗೆಯಿಂದ ದಾರಿ ಮಾಡಿ, ಸುತ್ತಿಗೆ ಎತ್ತಿ ಬಡಿದರು ನೋಡಿ! ಮೊಳೆ ಮುಚ್ಚಳ ದಾಟಿತು. ದಾಟಿದ ಮೇಲೂ ಏನೋ ಗಟ್ಟಿಯಾದದ್ದನ್ನು ಹಿಡಿದುಕೊಂಡು ಇಳಿಯಿತು. ಮುಂದಿನ ಎರಡೂ ಹಾಗೇ, ಹಿಂದಿನ ಎರಡೂ ಹಾಗೇ. "ಇಡ್ಕತು ನೋಡು! ಆನೆ ಬಂದು ಎಳುದ್ರೂ ಅಲ್ಲಾಡಬಾರ್ದು!" ಎನ್ನುತ್ತಾ ಮೊಳೆಯ ತಲೆಗಳು ಪಾದದ ಕಣ್ಣಿನೊಳಗೆ ಹೂತುಹೋಗುವವರೆಗೂ ಬಡಿದರು. ಆ ಗಟ್ಟಿಯಾದದ್ದು ಪೆಟ್ಟಿಗೆಯ ಮುಂದಿನ ಮತ್ತು ಹಿಂದಿನ ಹಲಗೆಗಳೆಂದು ಅವರಿಗೆ ಆಗ ಹೊಳೆಯಲಿಲ್ಲ. ಭಾನುವಾರ ಮಧ್ಯಾಹ್ನ, ಮಿಷನ್ನಿಗೆ ಊದಿನಕಡ್ಡಿ ಬೆಳಗಿ, ಪ್ಲಗ್ಗು ಚುಚ್ಚಲು ನಿಂತರು.

ಆದರೆ ಸಿದ್ದಮಲ್ಲಪ್ಪನವರು ಹುಟ್ಟು ಗಾಡಿಯವರು. ಸುತ್ತುವುದೇನೇ ಇರಲಿ, ಮೊದಲು ಕೀಲೆಣ್ಣೆ ಕಾಣಿಸಿಯೇ ಹೂಡಬೇಕೆಂದು ತಾತ ಕಲಿಸಿದ್ದರು. ಮಿಷನ್ನಿನ ತಲೆಯ ಮುಚ್ಚಳ ತೆಗೆದು ನೋಡಿದರೆ ಎರಡು ಗಾಲಿ, ಗಾಲಿಗಳ ಸುತ್ತ ರಬ್ಬರಿನ ಬೆಲ್ಟು, ಒಣಗಿಕೊಂಡು! "ಪಾಪ, ಕೊಯಮತ್ತೂರ್ನವ್ರು ಒಂದು ತೊಟ್ಟೂ ಆಕಿಲ್ವಲ್ಲ!" ಎಂದು ಮರುಗಿ, ಗಾಡಿ ಅಚ್ಚಿಗೆ ಹಾಕುವ ಹರಳೆಣ್ಣೆಯನ್ನು ಬೆಲ್ಟಿಗೆ ಧಾರಾಳವಾಗಿ ಸವರಿದರು. ಸ್ವಿಚ್ಚು ಹಾಕಿದರು. ಮೋಟಾರು ಭರ್ರೆಂದಿತು. ಕೊರೆಯುವ ಕಡ್ಡಿ ಮಾತ್ರ ಮುನಿಸಿಕೊಂಡ ಅಳಿಯನಂತೆ ನಿಂತಲ್ಲೇ ನಿಂತಿತ್ತು. ಬೆಲ್ಟು ಗಾಲಿಯ ಮೇಲೆ ಜಾರುತ್ತಿದೆ! ಎಣ್ಣೆ ಸಾಲದಾಯಿತೇನೋ ಎಂದು ಇನ್ನಷ್ಟು ಹುಯ್ದರು. ಈ ಸಲ ಕಡ್ಡಿ ತಿರುಗದಿದ್ದರೂ ಎಣ್ಣೆ ತಿರುಗಿತು. ಗೋಡೆಯ ಮೇಲೊಂದು ಗೆರೆ, ತೊಲೆಯ ಮೇಲೊಂದು ಗೆರೆ, ಸಿದ್ದಮಲ್ಲಪ್ಪನವರ ಹಣೆಯಿಂದ ಹೊಟ್ಟೆಯವರೆಗೆ ಒಂದು ಗೆರೆ.

"ಎಣ್ಣೆನೀರು ಆಕ್ಕೋತಿದ್ರಾ? ಅಂಗಿ ಬಿಚ್ಬುಟ್ಟು ಆಕ್ಕೋಬೌದಿತ್ತು."

ಬಾಗಿಲಲ್ಲಿ ಚನ್ನಮಲ್ಲಮ್ಮ! ಕಂಕುಳಲ್ಲಿ ಬಟ್ಟೆಯ ಗಂಟು, ಕಣ್ಣಲ್ಲಿ ಜೀರಹಳ್ಳಿಯಿಂದ ಇಲ್ಲಿಯವರೆಗಿನ ಬಿಸಿಲು.

"ಮಿಸನ್ನು ಕಣಮ್ಮಿ!" ಅಂದರು, ಎಣ್ಣೆ ತೊಟ್ಟಿಕ್ಕುತ್ತಿದ್ದ ಮೀಸೆಯಲ್ಲೇ ಹೆಮ್ಮೆಯಿಂದ.

"ಅದು ಕಾಣ್ತದೆ. ನಮ್ಮಪ್ಪ ಕೊಟ್ಟ ಪೆಟ್ಗೆ ಮ್ಯಾಲೆ ಯಾಕ ಕುಂತದೆ?"

"ಅದಕ್ಕೆ ತಕ್ಕ ಜಾಗ ಅದೊಂದೇ ಕಣಮ್ಮಿ!"

"ಸರಿ, ನಿಮ್ಮ ಆಟ ಮುಗುದ್ಮ್ಯಾಲೆ ಇಳಿಸ್ಬುಡಿ. ಬಿತ್ನೆ ರಾಗಿ ಅದೆ ಅದ್ರೊಳ್ಗೆ."

ಪೆಟ್ಟಿಗೆಗೆ ಮುಚ್ಚಳವೆಂದು ಒಂದಿರುತ್ತದೆ, ಅದು ಇರುವುದು ತೆಗೆಯಲಿಕ್ಕೆ ಎಂಬ ಸಂಗತಿ ಆ ಕ್ಷಣಕ್ಕೆ ಸಿದ್ದಮಲ್ಲಪ್ಪನವರಿಗೆ ನೆನಪಾಯಿತು. ನಾಲ್ಕು ಮೊಳೆಗಳು ಇಳಿದ ಸದ್ದು ಒಂದೊಂದಾಗಿ ಕಿವಿಯಲ್ಲಿ ಕೇಳಿಸಿತು.

"ಇಳಿಸೂವ... ಅದಕ್ಕೇನು, ಇಳಿಸೂವ," ಎಂದರು. ಗುಡುಗುವ ಗಂಟಲಿನಿಂದ ಇಲಿಯ ದನಿ ಬಂತು. ವರ್ಷವೆಲ್ಲ ಮಳೆಗಾಗಿ ಮುಗಿಲು ನೋಡುವ ಆ ಮನುಷ್ಯ, ಇನ್ನು ಒಂದು ವಾರ ಮಳೆ ಬರದಿರಲಪ್ಪ ಎಂದು ಮನಸ್ಸಿನಲ್ಲೇ ಮಾದಪ್ಪನಿಗೆ ಕೈಮುಗಿದರು.

ಚನ್ನಮಲ್ಲಮ್ಮ ಬೆಲ್ಟನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದಳು. ತಲೆಗೆ ಎಣ್ಣೆ ಜಾಸ್ತಿಯಾದರೆ ಏನು ಮಾಡಬೇಕೆಂದು ಗೊತ್ತಿಲ್ಲದ ಹೆಂಗಸು ಯಾರಿದ್ದಾರೆ? ಅದನ್ನು ಗಾಲಿಯಿಂದ ಬಿಡಿಸಿ, ಬಚ್ಚಲಿಗೆ ಒಯ್ದು, ಸೀಗೆಪುಡಿ ಹಾಕಿ ಉಜ್ಜಿ, ಬಿಸಿನೀರು ಹುಯ್ದು, ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು. ಮತ್ತೆ ಸಿಕ್ಕಿಸಿ ಸ್ವಿಚ್ಚು ಹಾಕಿದರೆ ಗಿರ್ರ್! ಕಡ್ಡಿ ತಿರುಗಿತು! ಸಿದ್ದಮಲ್ಲಪ್ಪನವರು ಮೊಳೆಯನ್ನೂ ಮುಚ್ಚಳವನ್ನೂ ಮರೆತು ಎಳೆಯ ಹುಡುಗನಂತೆ ಕುಣಿದರು. ಹೊನ್ನೆಯ ಹೊಸ ಬಟ್ಟಲನ್ನು ಕೆಳಗಿಟ್ಟು ಹಿಡಿ ಎಳೆದರು. ಒಂದಾದ ಮೇಲೊಂದು ಆರು ತೂತು, ನುಣ್ಣಗೆ, ನೆಟ್ಟಗೆ, ತೂಕದ ಬಟ್ಟಿನಷ್ಟು ದುಂಡಗೆ. ಚನ್ನಮಲ್ಲಮ್ಮ ಕೂಡ, "ಪರ್ವಾಗಿಲ್ವೆ!" ಅಂದಳು. ಅವರ ದಾಂಪತ್ಯದಲ್ಲಿ ಆ ಮಾತು ಹಿಂದೆಂದೂ ಬಂದಿರಲಿಲ್ಲ.

"ಕೊಳವೆ ತತ್ತಾ!" ಎಂದು ಅಬ್ಬರಿಸಿ, ಆರೂ ಬಿದಿರ ಕೊಳವೆಗಳನ್ನು ತೂತುಗಳಿಗೆ ಸಿಕ್ಕಿಸಿ ಬಟ್ಟಲನ್ನು ಎತ್ತಿ ಹಿಡಿದರು.

ಕೂರಿಗೆಯ ಕೊಳವೆಗಳು ಬಟ್ಟಲಿನಿಂದ ಹೊರಟು ಕೈಬೆರಳಿನ ಹಾಗೆ ಅಗಲಿಕೊಂಡು ಒಂದೊಂದು ಒಂದೊಂದು ಸಾಲಿಗೆ ಹೋಗಬೇಕು. ಅದಕ್ಕೇ ಪುಟ್ಟಸ್ವಾಮಿ ಬೈರಿಗೆಯನ್ನು ಓರೆ ಹಿಡಿದು ಕೊರೆಯುತ್ತಿದ್ದುದು. ಮಿಷನ್ನಿಗೆ ಓರೆ ಗೊತ್ತಿಲ್ಲ. ಅದು ಕಂಬಕ್ಕೆ ಕಟ್ಟಿದ ಪ್ರಾಣಿ, ನೆಟ್ಟಗೆ ಇಳಿಯುತ್ತದೆ, ನೆಟ್ಟಗೆ ಏಳುತ್ತದೆ. ಆರು ಕೊಳವೆಗಳೂ ಒಂದಕ್ಕೊಂದು ಅಂಟಿಕೊಂಡು ಕೆಳಮುಖವಾಗಿ ಜೋತು ನಿಂತವು.

ಚನ್ನಮಲ್ಲಮ್ಮ ತಲೆ ಓರೆ ಮಾಡಿ ನೋಡಿದಳು. "ಬಿತ್ತಕಾಗಕಿಲ್ಲ ಕಣಿ. ಕರೀಬೌದು."

ಹಸುವಿನ ಕೆಚ್ಚಲೇ! ನಗಬಾರದೆಂದು ತುಟಿ ಕಚ್ಚಿದ ಸಿದ್ದಮಲ್ಲಪ್ಪನವರಿಗೂ ನಗು ತಡೆಯಲಾಗಲಿಲ್ಲ. ಗಂಡ ಹೆಂಡತಿ ಪೆಟ್ಟಿಗೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ದಿಂಬಂ ಕಡೆಯಿಂದ ಇನ್ನೊಂದು ಗುಡುಗು ಕೇಳಿಸಿತು. ಇದು ಸಿದ್ದಮಲ್ಲಪ್ಪನವರದಲ್ಲ.

ಮಳೆ! ಪುಷ್ಯ ಮಳೆ! ಕರೆಂಟು ಸತ್ಯಮಂಗಲದಲ್ಲೇ ಉಳಿದುಕೊಂಡಿತು, ಮಳೆ ಮಾತ್ರ ಘಾಟಿ ಹತ್ತಿ ಬಂತು. ಸಂಜೆಯವರೆಗೆ ಹದವಾಗಿ ಹುಯ್ದು, ಹೊಲಗಳನ್ನೆಲ್ಲ ನೆನೆಸಿ, ಬೀದಿಯಲ್ಲಿ ಗಂಡಸರು "ಮಂಗಳವಾರ ಕೂರಿಗೆ ಊಡದೇಯ!" ಎಂದು ಕೂಗಾಡುವಂತೆ ಮಾಡಿತು. ಮರುದಿನ ಸೋಮವಾರ, ಬಸವಣ್ಣನ ದಿನ. ಅಂದು ಆ ಊರಿನಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸಿದ್ದಮಲ್ಲಪ್ಪನವರಿಗೆ ಉಳಿದದ್ದು ಅದೊಂದೇ ದಿನ. ಮಂಗಳವಾರ ತಪ್ಪಿದರೆ ಹದ ಆರುತ್ತದೆ. ಬಿತ್ತನೆ ರಾಗಿಯನ್ನು ಬೇರೆಯವರಲ್ಲಿ ಕೇಳೋಣವೆಂದರೆ ಎಲ್ಲರೂ ಅದೇ ದಿನ ಬಿತ್ತುವವರು. ಅದಕ್ಕಿಂತ ಹೆಚ್ಚಾಗಿ, ತೆನೆ ತೆನೆಯಾಗಿ ಆರಿಸಿ ಬೀಜ ಕಟ್ಟಿದ್ದ ಚನ್ನಮಲ್ಲಮ್ಮ ಪರರ ಮನೆ ಬೀಜ ಮುಟ್ಟುವವಳಲ್ಲ.

"ಇನ್ನಾರ ಇಳಿಸಿ ಅದ್ನ," ಅಂದಳು ದೀಪ ಹಚ್ಚುತ್ತಾ.

"ಅಮ್ಮಿ..."

"ಏನು?"

"ಅದು ಇಳಿಯಕಿಲ್ಲ ಕಣಮ್ಮಿ."

"ಯಾಕ?"

"ಆನೆ ಬಂದ್ರೂ ಅಲ್ಲಾಡಬಾರ್ದು ಅಂತ... ಗಾಡಿ ಮೊಳೆ ಒಡುದ್ಬುಟ್ಟಿವ್ನಿ."

ಚನ್ನಮಲ್ಲಮ್ಮ ಮುಚ್ಚಳಕ್ಕೆ ಕೈ ಹಾಕಿ ಎತ್ತಿದಳು. ಪೆಟ್ಟಿಗೆ ಸಮೇತ ಮನೆಯೇ ಎದ್ದರೂ ಏಳಬಹುದಿತ್ತು, ಮುಚ್ಚಳ ಏಳಲಿಲ್ಲ. ಆಕೆ ಗಂಡನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನಮ್ಮಪ್ಪ ಕೊಟ್ಟ ಪೆಟ್ಗೆ," ಅಂದಳು ಅಷ್ಟೇ, ಕಣ್ಣಲ್ಲಿ ನೀರಾಡಿತು. ಸಿದ್ದಮಲ್ಲಪ್ಪನವರಿಗೆ ಆ ಕ್ಷಣ ಮಿಷನ್ನೂ ಬೇಡ, ಕೊಯಮತ್ತೂರೂ ಬೇಡ, ನೆಲ ಬಿರಿದು ನುಂಗಿದರೆ ಸಾಕೆನಿಸಿತು.

ಸೋಮವಾರ ಬೆಳಿಗ್ಗೆ ಸುದ್ದಿ ಊರಿಗೆಲ್ಲ ಗೊತ್ತಾಗಿ, ನೊಗ ಹೂಡದೆ ಬಿಡುವಾಗಿದ್ದ ಗಂಡಸರೆಲ್ಲ ನಡುಮನೆಯಲ್ಲಿ ನೆರೆದರು. ಹಾರೆ ಹಾಕಿ ಮೀಟಿದರು, ಹಾರೆ ಬಾಗಿತು. ಇಕ್ಕಳದಲ್ಲಿ ಹಿಡಿಯೋಣವೆಂದರೆ ಮೊಳೆಯ ತಲೆಗಳು ಪಾದದೊಳಗೆ ಹೂತು ಕೂತಿದ್ದವು.

"ಎತ್ತಿಗೆ ಅಗ್ಗ ಕಟ್ಟಿ ಎಳ್ಸಣ," ಅಂದ ಒಬ್ಬ.

"ಸ್ವಾಮಾರ ಕಣ್ಲಾ!" ಎಂದು ಉಳಿದವರೆಲ್ಲ ಗದರಿದರು.

"ಅಂಗಾರೆ ಆನೆನೇ ಗತಿ. ಆಸನೂರು ಕಾಡಿಗೆ ಓಗಿ ಕರಕಬರಬೇಕು," ಅಂದ ಪುಟ್ಟಸ್ವಾಮಿ, ಬಾಗಿಲಿಗೆ ಒರಗಿಕೊಂಡು. "ಬಂದ್ರೂ ಅಲ್ಲಾಡಕಿಲ್ಲ ಅಂತ ನಮ್ಮಣ್ಣ ಆಗ್ಲೇ ಏಳವ್ನೆ!"

ಯಾರೋ ಗರಗಸ ತಂದರು. ಚನ್ನಮಲ್ಲಮ್ಮ ಪೆಟ್ಟಿಗೆಗೆ ಅಡ್ಡ ನಿಂತಳು. "ಗರಗಸ ಇಟ್ರೆ ನನ್ ಕತ್ತಿಗೇ ಇಡಿ!" ಎಲ್ಲರೂ ಹಿಂದೆ ಸರಿದರು. ಆಕೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಲಸಿನ ಹಣ್ಣನ್ನು ನೋಡುವ ಹಾಗೆ ಹಲಗೆಯ ಮೇಲೆ ಅಲ್ಲಿ ಇಲ್ಲಿ ಬೆರಳಿಂದ ತಟ್ಟಿ ಕಿವಿಗೊಟ್ಟಳು. ತಳಕ್ಕಿಂತ ಒಂದಿಷ್ಟು ಮೇಲೆ ಬೆರಳು ನಿಲ್ಲಿಸಿದಳು.

"ಇಲ್ಲೊಂದು ತೂತು ಆಕಿ. ರಾಗಿ ತಾನೇ ಬತ್ತದೆ."

ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಮಿಷನ್ನನ್ನು ನೋಡಿದರು. ಪೆಟ್ಟಿಗೆಯ ಮೇಲೆ ಕೂತು ಅದು ಸುಮ್ಮನಿತ್ತು. ಕರೆಂಟು ಬಂದಿದ್ದರೂ ಅದರಿಂದ ಆಗುವ ಕೆಲಸವಲ್ಲ ಅದು.

ಚನ್ನಮಲ್ಲಮ್ಮ ಪುಟ್ಟಸ್ವಾಮಿಯ ಕಡೆ ತಿರುಗಿದಳು. ಅವನು ವಾಪಸ್ಸು ಬಂದಿದ್ದ ಬೈರಿಗೆಯನ್ನು ಮೊದಲೇ ಬೆನ್ನ ಹಿಂದೆ ಹಿಡಿದುಕೊಂಡು ಬಂದಿದ್ದ! "ತಕ ಅಕ್ಕ. ಬೈರಿಗೆ ಕೊಡ್ತೀನಿ, ಕೈ ಕೊಡಕಿಲ್ಲ. ತೂತಿಗೆ ಯಜಮಾನ್ರು ನಿಮ್ಮನೇಲೇ ಅವ್ರಲ್ಲ!"

ಹಾಗೆ ಸಿದ್ದಮಲ್ಲಪ್ಪನವರು ಊರಿನವರೆಲ್ಲರ ಮುಂದೆ ನೆಲಕ್ಕೆ ಮಂಡಿಯೂರಿದರು. ಬೀಟೆ ಹಲಗೆಯೇನು ಬೆಣ್ಣೆಯೇ? ತಿರುಗಿಸಿದರು, ತಿರುಗಿಸಿದರು, ಅಂಗೈ ಬೊಬ್ಬೆ ಬಂತು, ಬೆವರು ಮೂಗಿನಿಂದ ತೊಟ್ಟಿಕ್ಕಿತು. "ಒಸಿ ಓರೆ ಇಡ್ಕಳಿ, ಮ್ಯಾಲ್ಮುಕವಾಗಿ," ಎಂದು ಚನ್ನಮಲ್ಲಮ್ಮ ಹೇಳಿಕೊಟ್ಟಳು. ಓರೆ ಹಿಡಿದರು. ಕೊನೆಗೊಮ್ಮೆ ಬೈರಿಗೆ ಸರಕ್ಕೆಂದು ಒಳಗೆ ನುಗ್ಗಿತು. ಹೊರಗೆಳೆದದ್ದೇ ತಡ, ಕೆಂಪು ರಾಗಿ ಸುರ್ರೆಂದು ಸಿದ್ದಮಲ್ಲಪ್ಪನವರ ಮಡಿಲಿಗೇ ಸುರಿಯಿತು! ಜನ ಹೋ ಎಂದು ಕೂಗಿದರು. ಚನ್ನಮಲ್ಲಮ್ಮ ಮೊರ ತಂದು ಒಡ್ಡಿ, ನಗುತ್ತಾ, ಹೆಬ್ಬೆರಳಿನಿಂದ ತೂತು ಮುಚ್ಚಿದಳು. ಮೊರ ತುಂಬಿದಾಗ ಮುಚ್ಚುವುದು, ಬರಿದಾದಾಗ ಬಿಡುವುದು! ಆಮೇಲೆ ಕೆಚ್ಚಲು ಬಟ್ಟಲಿನ ಒಂದು ಬಿದಿರ ಕೊಳವೆಯನ್ನು ಕಿತ್ತು ಆ ತೂತಿಗೆ ಸಿಕ್ಕಿಸಿ, ಬಾಯಿಗೆ ಮುಸುಕಿನ ಜೋಳದ ಬೆಂಡನ್ನು ಬಿರಡೆ ಹಾಕಿದಳು.

ಇನ್ನು ಬಟ್ಟಲು. ಹಳೆಯ ಬಿರುಕು ಬಟ್ಟಲು ಕೊಟ್ಟಿಗೆಯಲ್ಲಿ ಕರುವಿಗೆ ಉಪ್ಪು ಇಡುವ ಪಾತ್ರೆಯಾಗಿತ್ತು. ಅದರ ತೂತುಗಳು ತಾತನ ಕಾಲದ ಓರೆ ತೂತುಗಳು. ಬಿರುಕು ಬಾಯಿ ಬಿಡದ ಹಾಗೆ ಬಿಗಿಯಾಗಿ ಏನಾದರೂ ಸುತ್ತಬೇಕು. ಹಗ್ಗ ಜಾರಿತು, ತಂತಿ ಕೊಯ್ಯಿತು. ಸಿದ್ದಮಲ್ಲಪ್ಪನವರು ಒಂದು ಗಳಿಗೆ ಯೋಚಿಸಿದರು. ಎದ್ದುಹೋಗಿ ಮಿಷನ್ನಿನ ತಲೆ ಬಿಚ್ಚಿ, ಸೀಗೆಪುಡಿಯಲ್ಲಿ ತೊಳೆದ ಆ ರಬ್ಬರ್ ಬೆಲ್ಟನ್ನು ತೆಗೆದು, ಬಟ್ಟಲಿನ ತಳದಿಂದ ತೂರಿಸಿ ಮೇಲಕ್ಕೆ ತಳ್ಳಿದರು. ಗಚ್ಚಾಗಿ ಕೂತಿತು. ಬಿರುಕು ಮುಚ್ಚಿಕೊಂಡಿತು.

"ಪರ್ವಾಗಿಲ್ವೆ!" ಅಂದಳು ಚನ್ನಮಲ್ಲಮ್ಮ. ಎರಡು ದಿನದಲ್ಲಿ ಎರಡನೆಯ ಸಲ!

ಮಂಗಳವಾರ ಹೊತ್ತು ಹುಟ್ಟುವಾಗ ಊರಿನಲ್ಲಿ ಮೊದಲು ಕೂರಿಗೆ ಹೂಡಿದವರು ಸಿದ್ದಮಲ್ಲಪ್ಪನವರೇ. ಎತ್ತಿನ ಮುಂದೆ ಅವರು, ಕೂರಿಗೆಯ ಹಿಂದೆ ಚನ್ನಮಲ್ಲಮ್ಮ, ಬಟ್ಟಲಿಗೆ ಕೊಯಮತ್ತೂರು ಬೆಲ್ಟು. ಕೆಲವೇ ದಿನಗಳಲ್ಲಿ ರಾಗಿ ಮೊಳೆತು, ಹೊಲ ಬಾಚಿದ ತಲೆಯ ಹಾಗೆ ಸಾಲು ಸಾಲಾಯಿತು.

ಅದಕ್ಕಿಂತ ಹೆಚ್ಚು ಹೆಸರಾದದ್ದು ಪೆಟ್ಟಿಗೆಯ ಕೊಳವೆ. ಭಾರದ ಮುಚ್ಚಳ ಎತ್ತುವುದಿಲ್ಲ, ಒಳಗೆ ಬಗ್ಗುವುದಿಲ್ಲ. ಬೆಂಡು ಕಿತ್ತರೆ ರಾಗಿ, ಸಿಕ್ಕಿಸಿದರೆ ಬಂದ್! ನೋಡಿಹೋದ ಹೆಂಗಸರೆಲ್ಲ ಮನೆಗೆ ಹೋಗಿ ಗಂಡಂದಿರನ್ನು ಕಾಡಿದರು. ಗಂಡಂದಿರು ಸಿದ್ದಮಲ್ಲಪ್ಪನವರ ಬಾಗಿಲಿಗೆ ಬಂದರು. ಪುಟ್ಟಸ್ವಾಮಿ ಬೈರಿಗೆಯನ್ನು ಅವರ ಮನೆಯಲ್ಲೇ ಬಿಟ್ಟುಬಿಟ್ಟ.

"ನೀನು ಏಳಿದಂಗೇ ಆಯ್ತಲ್ಲಣ್ಣ! ಯಾರಿಗೆ ತೂತು ಬೇಕಾದ್ರೂ ಈಗ ನಿನ್ ಮನೆ ಬಾಗ್ಲೇಯ!"

"ನಾಳಿಕೆ ಬತ್ತೀನಿ," ಎಂದು ಎಲ್ಲರಿಗೂ ಹೇಳುತ್ತಾ, ಅಂಗೈಯ ಬೊಬ್ಬೆಗೆ ಹರಳೆಣ್ಣೆ ಸವರಿಕೊಳ್ಳುತ್ತಾ, ಸಿದ್ದಮಲ್ಲಪ್ಪನವರು ಮನೆಮನೆಗೆ ಹೋಗಿ ಪೆಟ್ಟಿಗೆ ಕೊರೆದರು. ಕಾಫಿಯನ್ನೂ ಕುಡಿದರು. ಮಿಷನ್ನಿಗೆ ಹೊಸ ಬೆಲ್ಟು ತರಬೇಕೆಂಬ ಮಾತು ಮಾತಾಗಿಯೇ ಉಳಿಯಿತು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಜೀರಹಳ್ಳಿಯಿಂದ ಚನ್ನಮಲ್ಲಮ್ಮನ ತಮ್ಮ ಮಹದೇವಪ್ಪ ಬಂದ. ಅಪ್ಪ ಕೊಟ್ಟ ಪೆಟ್ಟಿಗೆಯ ಕೊಳವೆಯನ್ನು ನೋಡಿ, ಬೆಂಡು ಕಿತ್ತು, ಸಿಕ್ಕಿಸಿ, ಮತ್ತೆ ಕಿತ್ತು ಸಂತೋಷಪಟ್ಟ. ಆಮೇಲೆ ತಲೆಯೆತ್ತಿ ಮೇಲೆ ನೋಡಿದ.

"ಬಾವ, ಮ್ಯಾಲೆ ಕುಂತಿರದು ಏನು ಅದು?"

ಸಿದ್ದಮಲ್ಲಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು. ಎಷ್ಟು ದಿನದಿಂದ ಯಾರೂ ಕೇಳಿರಲಿಲ್ಲ! ಗಂಟಲು ಸರಿಮಾಡಿಕೊಂಡು, ಕೊಯಮತ್ತೂರಿನಿಂದ ಶುರುಮಾಡಲು ಬಾಯಿ ತೆರೆದರು. ಅಷ್ಟರಲ್ಲಿ ಚನ್ನಮಲ್ಲಮ್ಮ ಮೋಟಾರಿನ ಮೇಲೆ ಒಣಹಾಕಿದ್ದ ಟವೆಲ್ಲನ್ನು ಮಡಿಸುತ್ತಾ ಹೇಳಿದಳು:

"ಅದಾ? ಇಲಿ ಮುಚ್ಚಳ ಎತ್ತದಂಗೆ ಭಾರಕ್ಕೆ ಮಡಗಿವಿ ಕಣ್ಲಾ. ನಿಮ್ಮ ಬಾವ್ನೇ ಕೊಯಮತ್ತೂರ್ಗೆ ಓಗಿ ಆರುಸ್ಕಬಂದ್ರು."

ಮಹದೇವಪ್ಪ ಮಿಷನ್ನನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದ. ಕದಲಲಿಲ್ಲ. ಅವನ ಮುಖದ ಮೇಲೆ ಭಾವನ ಬಗ್ಗೆ ನಿಜವಾದ ಗೌರವ ಮೂಡಿತು.

"ಬೋ ಚೆಂದಾಗದೆ ಬಾವ! ಇನ್ನೊಂದ್ಸಲ ಓದಾಗ ನಮ್ಮನೆಗೂ ಒಂದು ತಕಬನ್ನಿ. ನಮ್ಮಲ್ಲಿ ಪೆಟ್ಗೆ ಮ್ಯಾಲೆ ಒಳಕಲ್ಲು ಮಡಗಿವಿ, ಜಾರ್ತದೆ."